ಲೇಹ್‌ನಲ್ಲಿ ಇಳಿದ ಡಕೋಟಾ

ಯುದ್ಧಕಾಲದಲ್ಲಿ ಸೈನಿಕರನ್ನೂ ಮದ್ದುಗುಂಡುಗಳನ್ನೂ ಹೊತ್ತೊಯ್ಯುವ ಸಾಗಣೆ ವಿಮಾನದ ವೈಮಾನಿಕನಿಗೆ ಯುದ್ಧವಿಮಾನದ ವೈಮಾನಿಕನಷ್ಟೇ ಎದೆಗಾರಿಕೆ ಬೇಕೆಂಬುದನ್ನು ಏರ್ ಕಮೋಡೋರ್ ಮೆಹರ್ ಸಿಂಗ್ ಅವರ ವೃತ್ತಿಜೀವನ ತೋರಿಸಿಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದ ಮೇಲೆ ಹರಿಕೇನ್ ವಿಮಾನಗಳ ಆರನೆಯ ಸ್ಕ್ವಾಡ್ರನ್ನನ್ನು ಮುನ್ನಡೆಸಿದ್ದ ಅವರು, 1947ರಲ್ಲಿ ಕಾಶ್ಮೀರ ಯುದ್ಧ ಆರಂಭವಾದಾಗ ಡಕೋಟಾ ಎಂಬ ಎರಡು ಎಂಜಿನ್‌ಗಳ ಸಾಗಣೆ ವಿಮಾನವನ್ನು ನೆಚ್ಚಿಕೊಂಡು, ಶತ್ರುಗಳು ಸುತ್ತುವರಿದಿದ್ದ ಪೂಂಛ್ ಪಟ್ಟಣದ ಕಿರಿದಾದ ಓಡುದಾರಿಯಲ್ಲಿ ಅದನ್ನು ತಾವೇ ಇಳಿಸಿದರು.

ಇದಕ್ಕಿಂತಲೂ ಕಠಿಣವಾದದ್ದು ಲೇಹ್. ಸಿಂಧೂ ನದಿಯ ಬದಿಯಲ್ಲಿ, ಸಮುದ್ರಮಟ್ಟದಿಂದ 10 ಸಾವಿರ ಅಡಿಗೂ ಎತ್ತರದಲ್ಲಿ, ಎಂಜಿನಿಯರ್ ಸೋನಮ್ ನೊರ್ಬು ಸ್ಥಳೀಯರ ದುಡಿಮೆಯಿಂದ ಸಿದ್ಧಪಡಿಸಿದ್ದ ಮಣ್ಣಿನ ಓಡುದಾರಿಗೆ, ನಂಬಬಹುದಾದ ಮಾರ್ಗನಕ್ಷೆಯಾಗಲಿ, ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆಯಾಗಲಿ ಇಲ್ಲದ ಡಕೋಟಾವನ್ನು ಅವರು 1948ರ ಮೇ 24ರಂದು ಹಿಮಾಲಯ ದಾಟಿಸಿ ತಂದಾಗ, ಅದರಲ್ಲಿ ಪ್ರಯಾಣಿಕರಾಗಿದ್ದವರು ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಈ ಸಹಪ್ರಯಾಣದ ಬೆನ್ನಿಗೇ ಗೂರ್ಖಾ ಸೈನಿಕರನ್ನು ಅದೇ ಮಾರ್ಗವಾಗಿ ಲೇಹ್‌ಗೆ ತಲುಪಿಸಲಾಯಿತು. ಮಹಾವೀರ ಚಕ್ರ ಪಡೆದ ಮೆಹರ್ ಸಿಂಗ್ 1952ರಲ್ಲಿ ವಿಮಾನ ಅಪಘಾತದಲ್ಲಿ ಮಡಿದರು.