ಎರಡೂವರೆ ಶಿಲಿಂಗಿನ ಚೀಟಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ‘ಅರ್ಬನ್ ಡಿಸ್ಟ್ರಿಕ್ಟ್’ಗಳಲ್ಲಿ ಸಾಂಕ್ರಾಮಿಕ ರೋಗದ ಲೆಕ್ಕವು ವೈದ್ಯನೊಬ್ಬ ಬರೆದು ಕಳುಹಿಸುತ್ತಿದ್ದ ಚೀಟಿಯೊಂದರಿಂದ ಮೊದಲಾಗುತ್ತಿತ್ತು. ಡಿಸ್ಟ್ರಿಕ್ಟ್ ಎಂಬ ಹೆಸರಿದ್ದರೂ ಇದು ಕನ್ನಡಿಗರು ಬಲ್ಲ ಜಿಲ್ಲೆಯಲ್ಲ. 1894ರ ಸ್ಥಳೀಯ ಆಡಳಿತ ಕಾಯಿದೆಯಂತೆ ರೂಪುಗೊಂಡ, ಚುನಾಯಿತ ಮಂಡಳಿಯುಳ್ಳ, ಪುರಸಭೆಗೆ ಹತ್ತಿರವಾದ ಆಡಳಿತ ಘಟಕ. ಇವುಗಳಲ್ಲಿ ಹಲವು ಸಣ್ಣ ಪೇಟೆಗಳಾಗಿದ್ದರೆ, ಲಂಡನ್ನಿನ ಅಂಚಿನ ವಿಲ್ಸ್‌ಡನ್ ಮತ್ತು ಟಾಟನ್‌ಹ್ಯಾಮ್‌ಗಳು 1901ರ ಜನಗಣತಿಯ ಹೊತ್ತಿಗೇ ಒಂದು ಲಕ್ಷ ಜನಸಂಖ್ಯೆಯನ್ನು ದಾಟಿದ್ದವು.

ರೋಗವನ್ನು ಕಡ್ಡಾಯವಾಗಿ ವರದಿ ಮಾಡುವ ಪದ್ಧತಿಯನ್ನು 1877ರಲ್ಲೇ ಬೋಲ್ಟನ್ ನಗರವು ತನ್ನ ಮಟ್ಟಿಗೆ ತಂದುಕೊಂಡಿತ್ತು. 1889ರ ಕಾಯಿದೆಯು ಇದನ್ನು ಲಂಡನ್ನಿಗೆ ಕಡ್ಡಾಯಗೊಳಿಸಿ ಉಳಿದ ಊರುಗಳ ಇಚ್ಛೆಗೆ ಬಿಟ್ಟಿತು. ಹತ್ತು ವರ್ಷಗಳ ಬಳಿಕ, 1899ರಲ್ಲಿ, ಅದು ಎಲ್ಲೆಡೆಗೂ ಕಡ್ಡಾಯವಾಯಿತು. ಸಿಡುಬು, ಕಾಲರಾ, ಗಂಟಲಮಾರಿ, ವಿಷಮಶೀತ ಜ್ವರ, ಬಾಣಂತಿ ಜ್ವರ, ಮೈಯೆಲ್ಲ ಕೆಂಪಾಗಿ ಗಂಟಲು ಬಾಯುವ ಸ್ಕಾರ್ಲೆಟ್ ಜ್ವರ ಮೊದಲಾದವು ಪಟ್ಟಿಯಲ್ಲಿದ್ದವು. ಇಂಥ ರೋಗಿಯನ್ನು ಕಂಡ ವೈದ್ಯನು ರೋಗಿಯ ಹೆಸರು, ಮನೆಯ ವಿಳಾಸ ಮತ್ತು ರೋಗವನ್ನು ಬರೆದು ಆರೋಗ್ಯಾಧಿಕಾರಿಗೆ ಕಳುಹಿಸಬೇಕಿತ್ತು. ಖಾಸಗಿ ರೋಗಿಯಾದರೆ ಅದಕ್ಕೆ ಎರಡೂವರೆ ಶಿಲಿಂಗ್, ಸಾರ್ವಜನಿಕ ಸಂಸ್ಥೆಯ ರೋಗಿಯಾದರೆ ಒಂದು ಶಿಲಿಂಗ್ ಸಂಭಾವನೆ, ತಪ್ಪಿದರೆ ನಲವತ್ತು ಶಿಲಿಂಗ್‌ವರೆಗೆ ದಂಡ. ರೋಗಿಯ ಗುಟ್ಟು ರಟ್ಟಾಗುವುದೆಂದೂ, ಅದಕ್ಕೆ ಅಂಜಿ ಜನ ವೈದ್ಯರನ್ನೇ ಕರೆಯುವುದಿಲ್ಲವೆಂದೂ ವೃತ್ತಿಯವರಲ್ಲಿ ಅನೇಕರು ಆಕ್ಷೇಪಿಸಿದರು. ಆ ಆಕ್ಷೇಪ ಪೊಳ್ಳಾಗಿರಲಿಲ್ಲ, ಆದರೆ ಚೀಟಿ ನಿಲ್ಲಲಿಲ್ಲ.

ಚೀಟಿ ಕೈಸೇರಿದ ಮೇಲೆ ನಡೆಯುತ್ತಿದ್ದುದು ಪತ್ತೇದಾರಿಕೆಯನ್ನು ಹೋಲುವ ಕೆಲಸ. ನೈರ್ಮಲ್ಯ ಪರಿವೀಕ್ಷಕನು ಆ ಮನೆಗೆ ಹೋಗಿ ಚರಂಡಿ, ಶೌಚಾಲಯ, ಕುಡಿಯುವ ನೀರು ಇವನ್ನು ನೋಡುತ್ತಿದ್ದನು; ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಹಾಲು ಯಾರಿಂದ ಬರುತ್ತದೆ ಎಂದು ವಿಚಾರಿಸುತ್ತಿದ್ದನು. ಹಾಲಿನ ಪ್ರಶ್ನೆಗೆ ವಿಶೇಷ ತೂಕವಿತ್ತು: ಒಂದಕ್ಕೊಂದು ಸಂಬಂಧವಿಲ್ಲದ ಬೀದಿಗಳಲ್ಲಿ ಒಮ್ಮೆಲೇ ಜ್ವರ ಕಾಣಿಸಿ, ಆ ಮನೆಗಳಿಗೆಲ್ಲ ಹಾಲು ಹಾಕುವವನು ಒಬ್ಬನೇ ಎಂದು ಲೆಕ್ಕದ ಪುಸ್ತಕದಿಂದ ತಿಳಿದರೆ, 1890ರ ಮತ್ತೊಂದು ಕಾಯಿದೆಯನ್ನು ಅಳವಡಿಸಿಕೊಂಡಿದ್ದ ಊರುಗಳಲ್ಲಿ ಆ ಹಾಲಿನ ಸರಬರಾಜನ್ನೇ ತಡೆಯಬಹುದಿತ್ತು. ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವ ಮೊದಲೇ ರೋಗದ ದಾರಿಯನ್ನು ಕಾಗದದ ಮೇಲೆ ಕಂಡುಕೊಳ್ಳುವ ಈ ಕ್ರಮವೇ ಆ ವ್ಯವಸ್ಥೆಯ ನಿಜವಾದ ಹೆಗ್ಗಳಿಕೆ.

ರೋಗಿಯನ್ನು ಬೇರ್ಪಡಿಸುವ ಪ್ರತ್ಯೇಕನ ಆಸ್ಪತ್ರೆಗಳ ವಿಷಯದಲ್ಲಿ ಇಷ್ಟು ಧೈರ್ಯದಿಂದ ತೀರ್ಪು ಹೇಳಲಾಗದು. ಸ್ಕಾರ್ಲೆಟ್ ಜ್ವರ ವಾಸಿಯಾಯಿತೆಂದು ಮನೆಗೆ ಮರಳಿದ ಮಗುವಿನಿಂದಲೇ ಒಡಹುಟ್ಟಿದವರಿಗೆ ರೋಗ ತಗಲುತ್ತಿದ್ದ ಪ್ರಸಂಗಗಳು ಆರೋಗ್ಯಾಧಿಕಾರಿಗಳನ್ನು ಕಾಡಿದವು. ಇವಕ್ಕೆ ‘ರಿಟರ್ನ್ ಕೇಸ್’ ಎಂಬ ಹೆಸರೇ ಹುಟ್ಟಿತು. ಲಕ್ಷಣಗಳು ಸೌಮ್ಯವಾಗಿದ್ದ ಮಕ್ಕಳಿಗೆ ವೈದ್ಯರನ್ನೇ ಕರೆಸದೆ ಶಾಲೆಗೆ ಕಳುಹಿಸಿದಾಗ ಅವರು ಯಾವ ಚೀಟಿಗೂ ಸಿಗುತ್ತಿರಲಿಲ್ಲ. ಆರೋಗ್ಯಾಧಿಕಾರಿಯೂ ಚಿಕ್ಕ ಊರುಗಳಲ್ಲಿ ಹೆಚ್ಚಾಗಿ ಅರೆಕಾಲಿಕನಾಗಿದ್ದು, ಉಳಿದ ಹೊತ್ತಿನಲ್ಲಿ ಅದೇ ಊರಿನಲ್ಲಿ ಖಾಸಗಿ ವೈದ್ಯವೃತ್ತಿ ನಡೆಸುತ್ತಿದ್ದನು.

ಇದಕ್ಕಿಂತ ದೊಡ್ಡ ಕುರುಡು ಪಟ್ಟಿಯಲ್ಲೇ ಇತ್ತು. ದಡಾರ ಮತ್ತು ನಾಯಿಕೆಮ್ಮು ಸ್ಕಾರ್ಲೆಟ್ ಜ್ವರಕ್ಕಿಂತ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದವೆಂಬುದು ಮರಣ ನೋಂದಣಿಯಿಂದ ಗೊತ್ತಿದ್ದರೂ, ಅವು 1889ರ ಪಟ್ಟಿಯಲ್ಲಿರಲಿಲ್ಲ. ಎಲ್ಲ ಮಕ್ಕಳಿಗೂ ಬಂದು ಹೋಗುವ ಬೇನೆಗಳೆಂಬ ಭಾವನೆಯೂ, ಅಷ್ಟೊಂದು ಚೀಟಿಗಳಿಗೆ ಹಣ ತೆರಬೇಕಾದ ಹೊರೆಯೂ ಅಡ್ಡ ಬಂದವು. ಕ್ಷಯವೂ ಹೊರಗೇ ಉಳಿದು, 1909ರಿಂದ 1913ರ ನಡುವೆ ಹಂತಹಂತವಾಗಿ ಒಳಬಂದಿತು. ದಡಾರವನ್ನು 1916ರಲ್ಲಿ ಸೇರಿಸಿ ನಾಲ್ಕೇ ವರ್ಷಗಳಲ್ಲಿ ಕೈಬಿಡಲಾಯಿತು. ಅದೂ ನಾಯಿಕೆಮ್ಮೂ ಇಂಗ್ಲೆಂಡ್ ಮತ್ತು ವೇಲ್ಸ್‌ನ ಉದ್ದಗಲಕ್ಕೆ ಪಟ್ಟಿಯಲ್ಲಿ ಸ್ಥಿರವಾಗಿ ನಿಂತದ್ದು 1940ರಲ್ಲಿ.