ಹೆಣೆಯುವ ಟೋಪಿ, ಬಿಸಾಡುವ ಉಣ್ಣೆ



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಾಸಿಗೆಯೇ ಇಲ್ಲದವನು ಏನು ಮಾಡಬೇಕೆಂಬುದನ್ನು ಆ ಗಾದೆ ಹೇಳುವುದಿಲ್ಲ. ಧನುರ್ಮಾಸದ ಬೆಳಗಿನ ಜಾವ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಮಲಗಿದವರನ್ನು ಕಂಡವರಿಗೆ ಅದರ ಉತ್ತರ ತಿಳಿದಿದೆ. 2011ರ ಜನಗಣತಿಯು ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ವಸತಿರಹಿತರನ್ನು ಎಣಿಸಿತು. ರಾತ್ರಿಯ ಹೊತ್ತು ಎಣಿಕೆಗೆ ಸಿಗದೆ ಹೋದವರು ಇವರಲ್ಲಿ ಸೇರಿಲ್ಲ.

ಇಂಥವರಿಗಾಗಿ ಕ್ರೋಶಾ ಕಡ್ಡಿಯಿಂದ ಟೋಪಿ, ಮಫ್ಲರುಗಳನ್ನು ಹೆಣೆದು ಕೊಡುವ ಸತ್ಕಾರ್ಯ ಹಲವು ಕಡೆ ನಡೆದಿದೆ. 2016ರ ಜನವರಿ 31ರಂದು ಚೆನ್ನೈಯಲ್ಲಿ ಸುಬಶ್ರೀ ನಟರಾಜನ್ ಅವರ ನೇತೃತ್ವದ ಮಹಿಳೆಯರ ಬಳಗವು, ಬೇರೆ ಬೇರೆ ಊರುಗಳ ಹೆಂಗಸರು ಹೆಣೆದ ತುಂಡುಗಳನ್ನು ಜೋಡಿಸಿ 11 ಸಾವಿರ ಚದರ ಮೀಟರಿಗೂ ಮಿಕ್ಕ ಹೊದಿಕೆಯನ್ನು ಸಿದ್ಧಪಡಿಸಿ ಗಿನ್ನೆಸ್ ದಾಖಲೆ ಸ್ಥಾಪಿಸಿತು. ಮನೆಗೆಲಸದ ನಡುವಿನ ಬಿಡುವಿನಲ್ಲಿ ಸಾವಿರಾರು ಕೈಗಳು ಸೇರಿದರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ಅದಕ್ಕೂ ಮೊದಲು, 1999ರಲ್ಲಿ, ಅಂಶು ಗುಪ್ತ ಅವರು ದೆಹಲಿಯಲ್ಲಿ ‘ಗೂಂಜ್’ ಸಂಸ್ಥೆಯನ್ನು ಕಟ್ಟಿದ್ದರು. ಅನಾಥ ಶವಗಳನ್ನು ಸಾಗಿಸಿ ಜೀವನ ನಡೆಸುತ್ತಿದ್ದ ಬಡವನೊಬ್ಬ ಚಳಿಗಾಲದಲ್ಲಿ ತನಗೆ ಕೆಲಸ ಹೆಚ್ಚೆಂದು ಹೇಳಿದ್ದು ಅವರನ್ನು ಆ ದಾರಿಗೆ ಎಳೆದಿತ್ತು. ಚಳಿಯು ಎಲ್ಲರ ಮೇಲೂ ಬೀಳುತ್ತದೆ. ಮೈಮೇಲೆ ಬಟ್ಟೆಯಿಲ್ಲದವನನ್ನು ಮಾತ್ರ ಅದು ಕೊಲ್ಲುತ್ತದೆ.

ಆದುದರಿಂದ ಟೋಪಿ ಹೆಣೆಯುವುದು ಸಣ್ಣ ಕೆಲಸವಲ್ಲ. ಆದರೆ ಪರಿಸರದ ಹಿತ ಬಯಸುವವರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಹೆಣೆಯುವ ದಾರ ಯಾವುದು?

ಪೇಟೆಯಲ್ಲಿ ‘ಉಲ್ಲನ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಣ್ಣದ ಉಂಡೆಗಳಲ್ಲಿ ಬಹುಪಾಲು ಕುರಿಯ ಮೈಯಿಂದ ಬಂದವಲ್ಲ. ಅವು ಅಕ್ರಿಲಿಕ್, ಅಂದರೆ ಕಲ್ಲೆಣ್ಣೆಯಿಂದ ತೆಗೆದ ಪ್ಲಾಸ್ಟಿಕ್ಕಿನ ಎಳೆಗಳು. ಅಗ್ಗ, ಮೃದು, ಒಗೆಯಲು ಸುಲಭ ಎಂಬ ಗುಣಗಳು ಅದಕ್ಕುಂಟು. ಆದರೆ 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಯಂತ್ರದಲ್ಲಿ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದೆಂದು ಅಂದಾಜು ಮಾಡಿದರು. ಆ ನೀರು ಕೊನೆಗೆ ಸೇರುವುದು ಕೆರೆಗೆ, ಹೊಳೆಗೆ.

ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಬೀದಿಯಲ್ಲಿ ಮಲಗುವವನ ಚಳಿಗಾಲದ ಸಂಗಾತಿ ಬೆಂಕಿ. ರಟ್ಟು, ತರಗೆಲೆ, ಸೌದೆಚೂರುಗಳನ್ನು ಒಟ್ಟಿ ಉರಿ ಹಾಕಿ ಅದರ ಪಕ್ಕದಲ್ಲಿಯೇ ಅವನು ನಿದ್ರಿಸುತ್ತಾನೆ. ಕಿಡಿಯೊಂದು ಹಾರಿ ಅಕ್ರಿಲಿಕ್ ಟೋಪಿಯ ಮೇಲೆ ಬಿದ್ದು ಹೊತ್ತಿಕೊಂಡರೆ ಅದು ಕರಗುತ್ತಾ ಉರಿದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುರಿಯ ಉಣ್ಣೆ ಹಾಗಲ್ಲ. ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಗುವುದಿಲ್ಲ, ಕರಿಕಾಗಿ ಬಹುಮಟ್ಟಿಗೆ ತಾನಾಗಿಯೇ ಆರಿಹೋಗುತ್ತದೆ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆಯೆನಿಸುವುದಿಲ್ಲ. ಇಬ್ಬನಿಯಲ್ಲಿ ಮಲಗುವವನಿಗೆ ಇದಕ್ಕಿಂತ ಹೆಚ್ಚಿನ ಗುಣ ಬೇರೇನು ಬೇಕು?

ಆ ಉಣ್ಣೆಗಾಗಿ ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಿರುವ ಈ ಜಿಲ್ಲೆಯ ಹೆಸರನ್ನೇ ಹೊತ್ತ ಕುರಿತಳಿಯೊಂದಿದೆ. ಬಿಳಿಯ ಮೈಮೇಲೆ ಕಂದು ಅಥವಾ ಕಪ್ಪು ಮಚ್ಚೆಗಳಿರುವ, ಒರಟು ಉಣ್ಣೆಯ ಹಾಸನ ತಳಿ ಅದು. ದಖ್ಖನಿನ ಅನೇಕ ಕುರಿಹಟ್ಟಿಗಳಲ್ಲಿ ಇಂಥ ಒರಟು ಉಣ್ಣೆಗೆ ಬೆಲೆಯಿಲ್ಲದೆ, ಕತ್ತರಿಸಿದ ಕೂಲಿಯೂ ಹುಟ್ಟದೆ, ಅದನ್ನು ಬಿಸಾಡುವ ಸ್ಥಿತಿ ಬಂದಿದೆ. ಒಂದೆಡೆ ಉಣ್ಣೆ ತಿಪ್ಪೆ ಸೇರುತ್ತಿದೆ. ಇನ್ನೊಂದೆಡೆ ಪ್ಲಾಸ್ಟಿಕ್ಕನ್ನು ಕೊಂಡು ತಂದು ಬಡವನ ತಲೆಗೆ ಹೆಣೆಯಲಾಗುತ್ತಿದೆ.

ಹಿಂದೆ ಹೀಗಿರಲಿಲ್ಲ. ಕುರುಬ ಸಮುದಾಯದ ಹೆಂಗಸರು ಉಣ್ಣೆಯನ್ನು ಬಿಡಿಸಿ ನೂಲುತ್ತಿದ್ದರು. ಗಂಡಸರು ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು, ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ಇಂದಿಗೂ ಹೆಸರಾಗಿದೆ. ಆ ಕಂಬಳಿಯನ್ನೇ ಮಡಿಚಿ ತಲೆಯ ಮೇಲೆ ಹೊದ್ದರೆ ಕಂಬಳಿಕೊಪ್ಪೆ. ಮಲೆನಾಡಿನ ಮಳೆಯಲ್ಲಿ ನಾಟಿ ಮಾಡುವವರಿಗೂ, ಬಯಲುಸೀಮೆಯಲ್ಲಿ ರಾಗಿಯ ಕಣ ಕಾಯುವವರಿಗೂ ಟೋಪಿ, ಮಫ್ಲರ್, ಹೊದಿಕೆ, ಹಾಸಿಗೆ ಎಲ್ಲವೂ ಅದೇ ಆಗಿತ್ತು.

ಕ್ರೋಶಾ ಕಡ್ಡಿಯನ್ನು ಈ ಪರಂಪರೆಯೊಂದಿಗೆ ಸೇರಿಸಲು ಸಾಧ್ಯವಿದೆ. ಕೈಯಿಂದ ನೂತ ದಪ್ಪ ಉಣ್ಣೆದಾರಕ್ಕೆ ದಪ್ಪ ಕಡ್ಡಿ ಸಾಕು. ಒರಟು ಉಣ್ಣೆ ಹಣೆಗೆ ಚುಚ್ಚುವುದು ನಿಜ. ಹಳೆಯ ಹತ್ತಿ ಸೀರೆಯ ತುಂಡನ್ನು ಒಳಪದರವಾಗಿ ಹೊಲಿದರೆ ಆ ತೊಂದರೆ ತಪ್ಪುತ್ತದೆ. ಟೋಪಿ ಕಿವಿಯನ್ನು ಮುಚ್ಚುವಷ್ಟು ಆಳವಿರಲಿ. ಬಣ್ಣ ಗಾಢವಾಗಿರಲಿ, ಒಗೆಯಲು ನೀರು ಸಿಗದವನು ಅದನ್ನು ಧರಿಸುತ್ತಾನೆ. ಮನೆಯಲ್ಲಿ ಈಗಾಗಲೇ ಇರುವ ಅಕ್ರಿಲಿಕ್ ಉಂಡೆಯನ್ನು ಎಸೆಯಬೇಕಾಗಿಲ್ಲ. ಬೆಂಕಿಯ ಬಳಿ ಮಲಗದವರಿಗೆ ಅದನ್ನು ಹೆಣೆದು ಕೊಡಬಹುದು. ಕೊಡುವಾಗ ಮಲಗಿದವನನ್ನು ಎಬ್ಬಿಸಿ ಛಾಯಾಚಿತ್ರ ತೆಗೆಯುವುದು ಬೇಡ. ಬೇಕೇ ಎಂದು ಕೇಳಿ, ಎರಡೂ ಕೈಯಿಂದ ಕೊಟ್ಟರೆ ಅದು ಭಿಕ್ಷೆಯಾಗುವುದಿಲ್ಲ.

ಇಷ್ಟಾದರೂ ಟೋಪಿಯ ಶಕ್ತಿಯನ್ನು ಹೆಚ್ಚಾಗಿ ಎಣಿಸಬಾರದು. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬ ಮಾತು ಪ್ರಚಾರದಲ್ಲಿದ್ದರೂ ಅದು ಸರಿಯಲ್ಲ. ತಲೆಯು ಮೈಯ ಹೊರಭಾಗದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ಶಾಖವೂ ಬಹುಮಟ್ಟಿಗೆ ಆ ಪ್ರಮಾಣದಲ್ಲಿಯೇ ಹೋಗುತ್ತದೆ. ಮಲಗಿದವನ ಬಿಸಿಯನ್ನು ತಣ್ಣನೆಯ ನೆಲವೂ ಎಳೆದುಕೊಳ್ಳುತ್ತದೆ. ಆದುದರಿಂದ ಟೋಪಿಯ ಜೊತೆಗೆ ಕೆಳಗೆ ಹಾಸಲು ಒಂದು ಕಂಬಳಿ, ಕಂಬಳಿಯ ಮೇಲೆ ಒಂದು ಸೂರು ಬೇಕು. ಆ ಸೂರು ದಾನದ ವಿಷಯವಲ್ಲ, ಹಕ್ಕಿನ ವಿಷಯ. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಗರ ವಸತಿರಹಿತರ ಆಶ್ರಯ ಯೋಜನೆಯು, ಪ್ರತಿ 1 ಲಕ್ಷ ಜನಸಂಖ್ಯೆಗೆ 100 ಮಂದಿಯ ಶಾಶ್ವತ ಆಶ್ರಯತಾಣ ಇರಬೇಕೆಂದು ವಿಧಿಸಿತ್ತು. ಟೋಪಿ ಹಂಚಲು ಹೋದವರು ಹತ್ತಿರದ ಪಟ್ಟಣದಲ್ಲಿ ಆಶ್ರಯತಾಣ ಎಲ್ಲಿದೆ, ಅದರ ಬಾಗಿಲು ರಾತ್ರಿ ತೆರೆದಿದೆಯೇ ಎಂದು ನಗರಾಡಳಿತವನ್ನು ಕೇಳಿ ಬರಲಿ.

ಶಾಲೆಯ ಮಕ್ಕಳು ಒಂದು ಭಾನುವಾರ ಕುರಿಹಟ್ಟಿಗೆ ಹೋಗಿ ಉಣ್ಣೆ ಕತ್ತರಿಸುವುದನ್ನು ನೋಡಲಿ. ನೂಲಲು ಬಲ್ಲ ಅಜ್ಜಿಯೊಬ್ಬರನ್ನು ಹುಡುಕಿ ಕಲಿಯಲಿ. ಕುರಿಗಾಹಿಗೆ ಉಣ್ಣೆಯ ಬೆಲೆ, ಅಜ್ಜಿಗೆ ನೂಲಿನ ಕೂಲಿ, ಬೀದಿಯಲ್ಲಿ ಮಲಗಿದವನಿಗೆ ಬೆಚ್ಚಗಿನ ರಾತ್ರಿ: ಒಂದೇ ಎಳೆಯಿಂದ ಮೂವರಿಗೂ ಉಪಕಾರವಾಗುವ ಈ ಕೆಲಸ ಮುಂದಿನ ಕಾರ್ತಿಕದೊಳಗೆ ಆರಂಭವಾಗಬೇಕು. ಚಳಿ ಯಾರನ್ನೂ ಕಾಯುವುದಿಲ್ಲ.