ಚೆಂಡು ಕೈಯಲ್ಲಿದ್ದವನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)

 

ಹತ್ತು ನಿಮಿಷ ಮಾತಾಡಿ, ವಿಷಯ ನಿಮಗೇ ಬಿಟ್ಟದ್ದು ಎಂದು ಹೆಡ್‌ಮಾಸ್ಟರ್ ಸರ್ ಹೇಳಿದರು. ನಾನು ಬಿ.ಇ. ಮಾಡಿದವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅದೆಲ್ಲ ಈ ಮಕ್ಕಳಿಗೆ ಫೋನಿನಲ್ಲೇ ಸಿಗುತ್ತದೆ. ನಾನು ಅಮೆರಿಕದಲ್ಲಿ ನೋಡಿದ ಒಂದು ಆಟದ ಬಗ್ಗೆ, ಆಟ ಮುಗಿದ ಮೇಲೆ ನಡೆದ ವಾದದ ಬಗ್ಗೆ ಹೇಳುತ್ತೇನೆ. ಕೊನೆಗೆ ನಮ್ಮ ಶಾಲೆಯ ಮೈದಾನಕ್ಕೇ ಬರುತ್ತೇನೆ.

2022ರ ಜನವರಿಯಲ್ಲಿ ನಾನು ಕಂಪನಿಯ ಕೆಲಸದ ಮೇಲೆ ಕ್ಯಾನ್ಸಾಸ್ ಸಿಟಿಯ ಪಕ್ಕದ ಊರಲ್ಲಿದ್ದೆ. ಅಲ್ಲಿನವರು ಫುಟ್‌ಬಾಲ್ ಅನ್ನುವುದು ನಾವು ಕಾಲಲ್ಲಿ ಒದೆಯುವ ಆಟಕ್ಕಲ್ಲ. ಅದರ ಚೆಂಡು ತೆಂಗಿನಕಾಯಿಯ ಹಾಗೆ ಉದ್ದ. ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಡೆಗೆರೆ ದಾಟಿಸಿದರೆ 6 ಅಂಕ, ಕಂಬಗಳ ನಡುವೆ ಒದ್ದು ಹಾಕಿದರೆ 3. ಚೆಂಡಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ, ಅಂದರೆ 30 ಅಡಿ ಮುಂದೆ ಹೋಗಬೇಕು.

ಈ ಆಟದ ನಡುನಾಯಕ ಕ್ವಾರ್ಟರ್‌ಬ್ಯಾಕ್. ಹೆಚ್ಚು ಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಕಬಡ್ಡಿಯಲ್ಲಿ ರೈಡ್ ಹೋದವನ ಮೇಲೆ ಬೀಳುವ ಹಾಗೆ ಎದುರಿನವರು ಅವನ ಮೇಲೆ ಬೀಳುತ್ತಿರುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಚೆಂಡು ಎದುರಾಳಿಗೆ ಹೋದಾಗ ತಡೆಯುವುದಕ್ಕೆ ಬೇರೆಯೇ 11 ಜನ ಬರುತ್ತಾರೆ. ಆಗ ಕ್ವಾರ್ಟರ್‌ಬ್ಯಾಕ್ ಗೆರೆಯಾಚೆ ಕೂತು ನೋಡಬೇಕು, ಅಷ್ಟೇ.

ಜನವರಿ 23, ಭಾನುವಾರ. ಕ್ಯಾನ್ಸಾಸ್ ಸಿಟಿ ಚೀಫ್ಸ್ ಮತ್ತು ಬಫಲೋ ಬಿಲ್ಸ್ ನಡುವೆ ಪ್ಲೇಆಫ್ ಪಂದ್ಯ. ಸೋತವರು ಮನೆಗೆ. ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್, ಬಿಲ್ಸ್‌ನವನು ಜೋಶ್ ಆಲನ್. ನಾನು ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದೆ. ನಿಗದಿತ ಆಟದ ಕೊನೆಯ ಎರಡು ನಿಮಿಷದಲ್ಲೇ ಎರಡೂ ತಂಡ ಸೇರಿ 25 ಅಂಕ ಗಳಿಸಿದವು! ಇನ್ನು 13 ಸೆಕೆಂಡು ಇದೆ ಅನ್ನುವಾಗ ಆಲನ್ ಎಸೆದ ಚೆಂಡನ್ನು ಗೇಬ್ರಿಯಲ್ ಡೇವಿಸ್ ಹಿಡಿದ. ಬಿಲ್ಸ್ 36, ಚೀಫ್ಸ್ 33. ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತರು.

ಆಲನ್ ಕೆಲಸ ಮುಗಿದಿತ್ತು. ಅವನು ಹೋಗಿ ಕೂತ. ಆ 13 ಸೆಕೆಂಡಿನಲ್ಲಿ ಮಹೋಮ್ಸ್ ಎರಡೇ ಎಸೆತ ಎಸೆದ, ಒಂದು ಟೈರೀಕ್ ಹಿಲ್‌ಗೆ, ಒಂದು ಟ್ರಾವಿಸ್ ಕೆಲ್ಸಿಗೆ. 44 ಗಜ ಮುಂದೆ ಬಂದರು. ಬಟ್ಕರ್ 49 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಆಟ ಸಮ. ಹೆಚ್ಚುವರಿ ಆಟಕ್ಕೆ ನಾಣ್ಯ ಚಿಮ್ಮಿದರು. ಬಿಲ್ಸ್ ಟಾಸ್ ಸೋತಿತು. ಆಗಿನ ನಿಯಮದಲ್ಲಿ, ಮೊದಲು ಚೆಂಡು ಸಿಕ್ಕವರು ಕಡೆಗೆರೆ ದಾಟಿಸಿದರೆ ಅಲ್ಲಿಗೇ ಪಂದ್ಯ ಮುಗಿಯುತ್ತಿತ್ತು. ಚೀಫ್ಸ್ ದಾಟಿಸಿತು. 42–36. ಹೆಚ್ಚುವರಿ ಆಟದಲ್ಲಿ ಆಲನ್ ಚೆಂಡನ್ನು ಮುಟ್ಟಲೇ ಇಲ್ಲ.

ಮಾರನೆಯ ದಿನ ಸೋಮವಾರದ ಮೀಟಿಂಗ್. ಅರ್ಧ ಗಂಟೆ ಕೆಲಸದ ಮಾತೇ ಬರಲಿಲ್ಲ. ಕ್ಯಾನ್ಸಾಸ್‌ನವರೊಬ್ಬರು, “ಕಷ್ಟ ಬಂದಾಗ ಯಾರು ಗೆಲ್ಲಿಸುತ್ತಾರೆ ಅನ್ನುವುದೇ ಲೆಕ್ಕ. ಹೋದ ವರ್ಷವೂ ಆಲನ್ ನಮ್ಮೆದುರು ಸೋತ, ಈ ವರ್ಷವೂ ಸೋತ” ಅಂದರು. ಬಫಲೋದಲ್ಲಿ ಹುಟ್ಟಿ ಬೆಳೆದ ಇನ್ನೊಬ್ಬರು ಅಂಕಿ ಅಂಶ ಮುಂದಿಟ್ಟರು. ಆಲನ್ 37 ಎಸೆತದಲ್ಲಿ 27 ಸರಿಯಾಗಿ ಮುಟ್ಟಿಸಿದ್ದ. 329 ಗಜ, ನಾಲ್ಕು ಟಚ್‌ಡೌನ್, ಒಂದೂ ಎಸೆತ ಎದುರಾಳಿಯ ಕೈಗೆ ಹೋಗಿರಲಿಲ್ಲ. “ಇನ್ನೇನು ಮಾಡಬೇಕಿತ್ತು ಅವನು? ಕೂತಲ್ಲಿಂದ ಎದ್ದು ಹೋಗಿ ಕೆಲ್ಸಿಯನ್ನು ಹಿಡಿಯಬೇಕಿತ್ತೇ?” ಎಂದರು. 13 ಸೆಕೆಂಡು ಉಳಿದಾಗ ಬಿಲ್ಸ್ ಚೆಂಡನ್ನು ತುಂಬಾ ದೂರ ಒದ್ದು ಬಿಟ್ಟಿತು, ಅದರಿಂದ ಗಡಿಯಾರ ಒಂದು ಸೆಕೆಂಡೂ ಓಡಲಿಲ್ಲ. ಗಿಡ್ಡ ಒದ್ದಿದ್ದರೆ ಎದುರಾಳಿ ಅದನ್ನು ಎತ್ತಿಕೊಂಡು ಓಡುವಷ್ಟರಲ್ಲಿ ಸಮಯ ಕಳೆಯುತ್ತಿತ್ತು ಎಂದರು. ನಾನು ಸುಮ್ಮನೆ ಕೇಳುತ್ತಾ ಕೂತಿದ್ದೆ.

ಒಂದೇ ವಾರ. ಜನವರಿ 30ರಂದು ಅದೇ ಮೈದಾನದಲ್ಲಿ ಚೀಫ್ಸ್‌ಗೆ ಸಿನ್ಸಿನಾಟಿ ಬೆಂಗಾಲ್ಸ್ ಎದುರಾಯಿತು. ಚೀಫ್ಸ್ 21–3 ಮುಂದಿತ್ತು. ಮೊದಲರ್ಧದಲ್ಲಿ ಮಹೋಮ್ಸ್ ದೇವರ ಹಾಗೆ ಆಡಿದ, ಎರಡನೆಯ ಅರ್ಧದಲ್ಲಿ ಅದೇ ಕೈ ಸೋತಿತು. ಈ ಸಲವೂ ಹೆಚ್ಚುವರಿ ಆಟದ ಟಾಸ್ ಗೆದ್ದದ್ದು ಚೀಫ್ಸ್. ಆದರೆ ಮಹೋಮ್ಸ್ ಎಸೆತ ಎದುರಾಳಿಯ ಕೈ ಸೇರಿತು. 27–24ರಲ್ಲಿ ಸೋಲು. ಹಿಂದಿನ ಸೋಮವಾರ ಅವನನ್ನು ಹೊತ್ತು ಮೆರೆಸಿದವರೇ ಈ ಸೋಮವಾರ, “ಎಲ್ಲ ಅವನೇ ಹಾಳು ಮಾಡಿದ” ಅಂದರು. ಅವನ ತಪ್ಪು ಇರಲಿಲ್ಲವೆಂದಲ್ಲ, ಇತ್ತು. ಆದರೆ ಏಳು ದಿನದಲ್ಲಿ ಒಬ್ಬ ಮನುಷ್ಯ ಅಷ್ಟು ದೊಡ್ಡವನಾಗಿ ಅಷ್ಟು ಸಣ್ಣವನಾಗುವುದು ಸಾಧ್ಯವೇ? ಬದಲಾದದ್ದು ಅವನಿಗಿಂತ ಹೆಚ್ಚಾಗಿ ನಾವು, ನೋಡುವವರು.

ಆ ವಾದಗಳಿಂದ ಒಂದು ಒಳ್ಳೆಯದೂ ಆಯಿತು. ಜೋಶ್ ಆಲನ್ ಒಳ್ಳೆಯವನೋ ಕೆಟ್ಟವನೋ ಅನ್ನುವುದನ್ನು ಬಿಟ್ಟು ಕೆಲವರು ನಿಯಮದ ಕಡೆ ನೋಡಿದರು. ಅದೇ ವರ್ಷ ಮಾರ್ಚ್‌ನಲ್ಲಿ ಪ್ಲೇಆಫ್‌ನ ನಿಯಮ ಬದಲಾಯಿತು. ಹೆಚ್ಚುವರಿ ಆಟದಲ್ಲಿ ಎರಡೂ ತಂಡಕ್ಕೆ ಚೆಂಡು ಸಿಗಬೇಕು ಎಂದಾಯಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೆಯೇ. ರಾತ್ರಿ ಸಿಸ್ಟಮ್ ಕೆಟ್ಟು ನಿಂತರೆ, ಕೊನೆಗೆ ಕೈ ಹಾಕಿದವನು ಯಾರು ಎಂದೇ ಮೊದಲು ಕೇಳುತ್ತಾರೆ. ಅವನಿಗೆ ಬೈದರೆ ಸಿಟ್ಟು ಇಳಿಯುತ್ತದೆ, ಸಿಸ್ಟಮ್ ರಿಪೇರಿಯಾಗುವುದಿಲ್ಲ. ಆ ತಪ್ಪನ್ನು ಹಿಡಿಯಬೇಕಿದ್ದ ಪರೀಕ್ಷೆ ಎಲ್ಲಿ ಬಿಟ್ಟುಹೋಯಿತು ಎಂದು ಹುಡುಕಿದರೆ ಮಾತ್ರ ರಿಪೇರಿಯಾಗುತ್ತದೆ.

ಬಫಲೋದ ಆ ಸಹೋದ್ಯೋಗಿ ನನಗೆ ಇನ್ನೊಂದು ಸಂಗತಿ ಹೇಳಿದರು. 1991ರ ಜನವರಿಯಲ್ಲಿ ಅವರ ತಂಡ ಸೂಪರ್ ಬೌಲ್, ಅಂದರೆ ಫೈನಲ್ ತಲುಪಿತ್ತು. ಕೊನೆಯ ಸೆಕೆಂಡುಗಳಲ್ಲಿ ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಹೋಯಿತು. 20–19, ಒಂದೇ ಅಂಕದ ಸೋಲು. ತಂಡ ಊರಿಗೆ ಮರಳಿದಾಗ ನಯಾಗರಾ ಚೌಕದಲ್ಲಿ ಸಾವಿರಾರು ಜನ ಸೇರಿದ್ದರು. ಬೈಯಲಿಕ್ಕಲ್ಲ. “ನಮಗೆ ಸ್ಕಾಟ್ ಬೇಕು” ಎಂದು ಕೂಗಿ ಕೂಗಿ ಅವನನ್ನೇ ಮುಂದೆ ಕರೆದರು. ಅವನು ಬಂದು ಮಾತಾಡಿದ.

ಅದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆ ತಾಲ್ಲೂಕು ಮಟ್ಟದ ವಾಲಿಬಾಲ್ ಫೈನಲ್ ಆಡಿತು. ಮೂರನೇ ಸೆಟ್. ನಾವು 13, ಅವರು 14. ಸರ್ವಿಸ್ ನಮ್ಮದು. ನಮ್ಮ ತಂಡದ ಅತ್ಯುತ್ತಮ ಆಟಗಾರ ಹೊಡೆದ ಚೆಂಡು ನೆಟ್‌ಗೆ ಬಡಿಯಿತು. ಸೋತೆವು. ಊರಿಗೆ ಬರುವ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನಾನು ಎಲ್ಲರಿಗಿಂತ ಜೋರಾಗಿ ಬೈದೆ. ಅವನು ಆಮೇಲೆ ಚೆಂಡು ಮುಟ್ಟಲಿಲ್ಲ.

ಈಗ ನಿಜ ಹೇಳುತ್ತೇನೆ. ಆ ಸೆಟ್‌ನಲ್ಲಿ ನಾವು 12–8 ಮುಂದಿದ್ದೆವು. ಸಾಲಾಗಿ ಆರು ಪಾಯಿಂಟ್ ಬಿಟ್ಟೆವು. ಅದರಲ್ಲಿ ಎರಡು ನನ್ನ ಕೈಯಿಂದ ಹೋದವು, ಸರ್ವಿಸ್ ಎತ್ತಲಾಗದೆ. ಹದಿಮೂರನೆಯ ಪಾಯಿಂಟ್ ಹೊಡೆದು ತಂದವನು ಅವನೇ. ನನ್ನ ಎರಡು ತಪ್ಪು ಯಾರಿಗೂ ನೆನಪಿಲ್ಲ, ಕೊನೆಯದಲ್ಲವಲ್ಲ! ನನಗೆ ಮಾತ್ರ ನೆನಪಿತ್ತು, ಅದಕ್ಕೇ ಅಷ್ಟು ಜೋರಾಗಿ ಬೈದೆ.

ಇಂದು ನಾವೆಲ್ಲ ನೆರಳಲ್ಲಿ ಕೂತಿರುವ ಈ ಶಾಮಿಯಾನ ಹಾಕಿಸಿದವನು ಅವನೇ. ಹೆಸರು ಹೇಳುವುದಿಲ್ಲ, ಊರಿಗೆಲ್ಲ ಗೊತ್ತು. ನಾಳೆ ಇದನ್ನು ಹೇಳಲೇ ಎಂದು ನಿನ್ನೆ ರಾತ್ರಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳು ಮಾರಾಯ, ಆದರೆ ಎರಡು ಪಾಯಿಂಟ್ ಅಲ್ಲ, ನೀನು ಬಿಟ್ಟದ್ದು ಮೂರು” ಅಂದ. ಇಪ್ಪತ್ತು ವರ್ಷ ಅವನೂ ಲೆಕ್ಕ ಇಟ್ಟಿದ್ದ, ಬಾಯಿ ಬಿಟ್ಟಿರಲಿಲ್ಲ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಹೇಳುತ್ತೇನೆ: ತಪ್ಪಾಯಿತು ಕಣೋ.

ಗುರುಗಳಲ್ಲಿ, ಪೋಷಕರಲ್ಲಿ ಒಂದೇ ವಿನಂತಿ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಫೇಲಾದ ಮಗುವಿನ ಕೈಯಲ್ಲಿ ಕಾಣುವುದು ಕೊನೆಯ ಸರ್ವಿಸ್ ಮಾತ್ರ. ಅದಕ್ಕೂ ಮೊದಲು ಹೋದ ಆರು ಪಾಯಿಂಟ್ ಯಾರ ಕೈಯಿಂದ ಹೋದವು ಎಂದು ದಯವಿಟ್ಟು ಕೇಳಿಕೊಳ್ಳಿ. ಮಕ್ಕಳೇ, ನೀವು ಗೆದ್ದಾಗಲೂ ಅಷ್ಟೇ. ಜೊತೆಯ ಹತ್ತು ಜನರನ್ನು ಮರೆಯಬೇಡಿ.

ಸಂಜೆ 4 ಗಂಟೆಗೆ ಹಳೆಯ ವಿದ್ಯಾರ್ಥಿಗಳ ವಾಲಿಬಾಲ್ ಇದೆ. ಮೊದಲ ಸರ್ವಿಸ್ ಅವನದೇ ಎಂದು ನಾವೆಲ್ಲ ತೀರ್ಮಾನಿಸಿದ್ದೇವೆ. ಅವನು ಇನ್ನೂ ಒಪ್ಪಿಲ್ಲ. ನೀವೆಲ್ಲ ಮೈದಾನಕ್ಕೆ ಬಂದು ಅವನ ಹೆಸರು ಕೂಗಿ ಕರೆಯಬೇಕು. ಚೆಂಡು ನೆಟ್‌ಗೆ ಹೋದರೆ ಹೋಗಲಿ. ನಾನು ಹಿಂದಿನ ಸಾಲಲ್ಲಿ ನಿಂತಿರುತ್ತೇನೆ, ಈ ಸಲವಾದರೂ ಸರ್ವಿಸ್ ಎತ್ತುತ್ತೇನೆ.